ಕೈಗೊಂದು ಎರಡನೆಯ ತೊಗಲು

ವೀಣೆಗೆ ಗವಸು ಉಂಟು, ದಿಂಬಿಗೆ ಗವಸು ಉಂಟು. ದುಡಿಯುವ ಕೈಗೆ ಗವಸು ತೊಡಿಸುವ ವಾಡಿಕೆ ಮಾತ್ರ ನಮ್ಮ ನಾಡಿಗೆ ತೀರ ಈಚಿನದು. ಗುದ್ದಲಿ ಹಿಡಿದವನ ಅಂಗೈ ತಾನಾಗಿಯೇ ಜಡ್ಡುಗಟ್ಟುತ್ತದೆ, ಅದೇ ಅವನಿಗೆ ರಕ್ಷೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಗುದ್ದಲಿ ಕೊಡಲಿಗಳ ಮಟ್ಟಿಗೆ ಈ ಮಾತು ಸುಳ್ಳೂ ಅಲ್ಲ. ಆದರೆ ಬೆಸುಗೆಯ ಕಿಡಿಗಾಗಲಿ, ತಗಡಿನ ಅಂಚಿಗಾಗಲಿ, ಕುಲುಮೆಯಿಂದ ಈಗತಾನೆ ಹೊರಬಂದ ಕಬ್ಬಿಣಕ್ಕಾಗಲಿ ಅಂಗೈಯ ಜಡ್ಡು ಎಷ್ಟರ ತಡೆ? ಅಲ್ಲಿ ಬೇರೊಂದು ಪ್ರಾಣಿಯ ತೊಗಲನ್ನು ನಮ್ಮ ತೊಗಲಿನ ಮೇಲೆ ಹೊದೆದುಕೊಳ್ಳದೆ ವಿಧಿಯಿಲ್ಲ.

ಕೆಲವು ತಿಂಗಳ ಹಿಂದೆ ನಾವು ಬೆಂಗಳೂರಿನ ಪೀಣ್ಯದಲ್ಲಿ ಕಬ್ಬಿಣದ ಗೇಟು, ಕಿಟಕಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆವು. ಅಲ್ಲಿ ಬೆಸುಗೆ ಹಾಕುತ್ತಿದ್ದ ಹುಡುಗನೊಬ್ಬನು ತನ್ನ ಕೈಗವಸನ್ನು ಕಳಚಿ ನಮ್ಮ ಮುಂದೆ ಹಿಡಿದನು. ಅದರ ಬೆರಳುಗಳು ಒಳಕ್ಕೆ ಮುರುಟಿಕೊಂಡಿದ್ದವು. ತೊಗಲು ಒಣಗಿದ ಅಡಕೆಯ ಹಾಳೆಯಂತೆ ಗಡುಸಾಗಿತ್ತು.

“ತಗೊಂಡು ಹದಿನೈದು ದಿವಸ ಆಗಿಲ್ಲ ಸಾರ್, ಹಿಂಗಾಗೋಯ್ತು. ಅಂಗಡಿಯವನು ಮೋಸ ಮಾಡ್ಬಿಟ್ಟ” ಎಂದು ದೂರಿದನು.

ಪಕ್ಕದಲ್ಲಿದ್ದ ವಯಸ್ಸಾದ ಮೇಸ್ತ್ರಿಗಳು ನಕ್ಕರು. ಅವರ ಕೈಗವಸೂ ಅದೇ ಅಂಗಡಿಯದು, ಅದೇ ಬೆಲೆಯದು. ಹೆಚ್ಚು ಕಡಿಮೆ ಒಂದು ವರ್ಷದಿಂದ ದುಡಿಯುತ್ತಿದೆ. ಮಸಿ ಹಿಡಿದು ಕಪ್ಪಾಗಿದ್ದರೂ ಬಟ್ಟೆಯಂತೆ ಮಡಿಸಲು ಬರುತ್ತಿತ್ತು.

“ಅಂಗಡಿಯವನದೇನೂ ತಪ್ಪಿಲ್ಲ ಬಿಡಪ್ಪ. ಕೆಂಪಗೆ ಕಾದಿರೋ ಸರಳನ್ನ ಕೈಗವಸಲ್ಲೇ ಎತ್ತೀಯ. ಬೆವರಿಗೆ ನೆಂದದ್ದನ್ನ ಒಲೆ ಪಕ್ಕ ಇಟ್ಟು ಒಣಗಿಸ್ತೀಯ. ಅದು ಇಕ್ಕಳಾನೂ ಅಲ್ಲ, ಹಪ್ಪಳಾನೂ ಅಲ್ಲ” ಎಂದರು. ಹೀಗೆಂದು ಎತ್ತಿದ ಅವರ ಎಡಗೈಯ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಅದರ ಕಥೆಯನ್ನು ಮುಂದೆ ಹೇಳುವೆವು.

ಒಂದೇ ಅಂಗಡಿಯ ಎರಡು ಜೊತೆಗಳಲ್ಲಿ ಒಂದು ಹದಿನೈದು ದಿನಕ್ಕೇ ಸತ್ತು, ಇನ್ನೊಂದು ವರ್ಷವಿಡೀ ಬಾಳಿದುದೇಕೆ? ಇದಕ್ಕೆ ಉತ್ತರ ಬೇಕಾದರೆ ತೊಗಲೆಂಬ ವಸ್ತುವಿನ ಒಳಗನ್ನು ಸ್ವಲ್ಪ ಇಣುಕಿ ನೋಡಬೇಕು.

ಕೊಳೆಯದೆ ಉಳಿದ ಚರ್ಮ

ಹಸಿಯ ಚರ್ಮದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರಿಯ ನೀರು. ಉಳಿದುದರಲ್ಲಿ ಬಹುಭಾಗ ಕೊಲಾಜನ್ ಎಂಬ ಪ್ರೋಟೀನು. ಇದರ ಅಣುವಿನ ರಚನೆ ಬಹುಕಾಲ ವಿಜ್ಞಾನಿಗಳಿಗೆ ಒಗಟಾಗಿತ್ತು. ಆ ಒಗಟಿನ ಗಂಟು ಸಡಿಲಿದುದು ನಮ್ಮ ದಕ್ಷಿಣ ದೇಶದಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು, ಕೊಲಾಜನ್ ಎಂಬುದು ಮೂರು ಎಳೆಗಳನ್ನು ಕೂಡಿಸಿ ಹೊಸೆದ ಹುರಿಯೆಂದು ೧೯೫೪ರಲ್ಲಿ ಸೂಚಿಸಿದರು. ಮುಂದಿನ ಸಂಶೋಧನೆಗಳಿಂದ ಅಷ್ಟಿಷ್ಟು ತಿದ್ದುಪಡಿಯೊಡನೆ ಅದೇ ಸ್ಥಿರಪಟ್ಟಿತು. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದು, ಮುಂದೆ ಅದೇ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಮರಳಿದವರು.

ಇಂತಹ ಲೆಕ್ಕವಿಲ್ಲದಷ್ಟು ಹುರಿಗಳು ಕೂಡಿ ನಾರಾಗುತ್ತವೆ. ನಾರುಗಳು ಹೆಣೆದುಕೊಂಡು ಚರ್ಮವಾಗುತ್ತದೆ. ಕಂಬಳಿಯಲ್ಲಿ ಎಳೆಗಳು ಉದ್ದಕ್ಕೂ ಅಡ್ಡಕ್ಕೂ, ಹೀಗೆ ಎರಡೇ ದಿಕ್ಕಿಗೆ ಓಡುತ್ತವೆ. ಚರ್ಮದಲ್ಲಾದರೋ ಅವು ಎಲ್ಲ ದಿಕ್ಕುಗಳಿಗೂ ಓಡಿ ಒಂದನ್ನೊಂದು ತೊಡರಿಕೊಂಡಿರುತ್ತವೆ. ಬಟ್ಟೆಯನ್ನು ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚುತ್ತದೆ, ತೊಗಲನ್ನು ಕತ್ತರಿಸಿದರೆ ಬಿಚ್ಚುವುದಿಲ್ಲ. ಇದರ ಗುಟ್ಟು ಈ ತೊಡರಿನಲ್ಲಿಯೇ ಇದೆ. ಉಜ್ಜಾಟಕ್ಕೂ ಹರಿತಕ್ಕೂ ತೊಗಲು ಜಗ್ಗದಿರುವುದಕ್ಕೆ ಇದೇ ಕಾರಣ.

ಆದರೆ ಈ ಹುರಿಗೆ ಎರಡು ಶತ್ರುಗಳುಂಟು. ತೇವದಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಕೊಳೆಸುತ್ತವೆ. ನೀರಿನಲ್ಲಿಟ್ಟು ಕಾಯಿಸಿದರೆ ಸುಮಾರು ೬೦ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನ ಹೊತ್ತಿಗೆ ಮೂರೆಳೆಯ ಹುರಿ ಬಿಚ್ಚಿಕೊಂಡು ಚರ್ಮವು ಥಟ್ಟನೆ ಕುಗ್ಗಿ ಮುರುಟುತ್ತದೆ. ಇನ್ನೂ ಕುದಿಸಿದರೆ ಕರಗಿ ಅಂಟಾಗುತ್ತದೆ. ಬಡಗಿಯ ಸರೇಸು ಹೀಗೆ ಹುಟ್ಟಿದ ವಸ್ತು. ಎರಡೂ ಬೇಡವೆಂದು ಸುಮ್ಮನೆ ಒಣಗಿಸಿದರೆ ತಮಟೆಗೆ ಬಿಗಿಯುವ ಚಕ್ಕಳವಾದೀತೇ ಹೊರತು ಬೆರಳು ಮಡಿಸುವ ಕೈಗವಸಾಗದು. ಕೊಳೆಯದಂತೆ, ಕುಗ್ಗದಂತೆ, ಆದರೂ ಮೆತ್ತಗಿರುವಂತೆ ಮಾಡುವ ವಿದ್ಯೆಯೇ ಹದಗಾರಿಕೆ. ಇದನ್ನು ತಲೆತಲಾಂತರದಿಂದ ಬಲ್ಲವರನ್ನು ನಮ್ಮ ಸಮಾಜವು ಊರಾಚೆ ಇಟ್ಟು, ಅವರು ಮಾಡಿದ ಮೆಟ್ಟನ್ನು ಮಾತ್ರ ಕಾಲಿಗೆ ಹಾಕಿಕೊಂಡಿತು. ರಸಾಯನವಿದ್ಯೆಯ ದೃಷ್ಟಿಯಿಂದ ಅವರದು ಸಾಮಾನ್ಯದ ಜ್ಞಾನವಲ್ಲ.

ನಮ್ಮವರು ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದ ಒಗರು ವಸ್ತುಗಳಿಂದ ಹದ ಮಾಡುತ್ತಿದ್ದರು. ಒಗರಿನ ಅಂಶವು ನಾರುಗಳ ನಡುವೆ ಸೇರಿ ಒಂದಕ್ಕೊಂದನ್ನು ಬಂಧಿಸುತ್ತದೆ. ಹೀಗೆ ಹದವಾದ ತೊಗಲು ಬಿಸಿನೀರಿನಲ್ಲಿ ೭೦ರಿಂದ ೮೫ ಡಿಗ್ರಿಯವರೆಗೆ ಕುಗ್ಗದೆ ತಡೆಯಬಲ್ಲದು. ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಎಂಬವನು ೧೮೮೪ರಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದನು. ಕ್ರೋಮ್ ಹದದ ತೊಗಲು ಕುದಿಯುವ ನೀರಿಗೂ ಜಗ್ಗುವುದಿಲ್ಲ. ನಮ್ಮ ಕಡೆಗೆ ಈ ವಿದ್ಯೆಯನ್ನು ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯನು. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಅವನು ಮದರಾಸಿನಲ್ಲಿ ಪ್ರಯೋಗ ನಡೆಸಿದಾಗ ಅವನ ಕಣ್ಣಮುಂದೆ ಇದ್ದುದು ಬೂಟಲ್ಲ, ಕೈಗವಸಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ! ಸದಾ ನೀರಿನಲ್ಲಿ ನೆನೆಯುವ ಆ ಚೀಲಕ್ಕೆ ಹೆಚ್ಚು ಬಾಳುವ ತೊಗಲು ಬೇಕಾಗಿತ್ತು. ಮುಂದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಈತನು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಮುಖ್ಯಾಧಿಕಾರಿಯಾಗಿ ಬಂದನು.

ಇಂದು ಕಾರ್ಖಾನೆಯ ಕೈಗವಸುಗಳಲ್ಲಿ ಬಹುಪಾಲು ಕ್ರೋಮ್ ಹದದವೇ. ವಾಚಕರು ತಾವೇ ಪರೀಕ್ಷಿಸಬಹುದು. ಹಳೆಯ ಕೈಗವಸಿನ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ನೋಡಿ: ಕತ್ತರಿಸಿದ ಅಂಚು ನೀಲಿ ಬೆರೆತ ಬೂದುಬಣ್ಣವಾಗಿದ್ದರೆ ಅದು ಕ್ರೋಮ್, ಒಳಗೆಲ್ಲ ಕಂದುಬಣ್ಣವಾಗಿದ್ದರೆ ಪ್ರಾಯಶಃ ತೊಗಟೆಯ ಹದ. ಅದನ್ನು ಕುದಿಯುವ ನೀರಿಗೆ ಹಾಕಿದರೆ ಸಂದೇಹವೇ ಉಳಿಯದು. ತೊಗಟೆಯ ಹದದ ತುಂಡು ಕ್ಷಣಮಾತ್ರದಲ್ಲಿ ಸುರುಳಿಯಾಗುತ್ತದೆ.

ಹಾಗಾದರೆ ಪೀಣ್ಯದ ಹುಡುಗನ ಕೈಗವಸು ಕ್ರೋಮ್ ಹದದ್ದಾಗಿಯೂ ಮುರುಟಿದುದು ಹೇಗೆ? ಕುದಿಯುವ ನೀರು ೧೦೦ ಡಿಗ್ರಿ; ಕೆಂಪಗೆ ಕಾದ ಸರಳು ೬೦೦ಕ್ಕೂ ಮಿಗಿಲು. ಅದರೆದುರಿಗೆ ಯಾವ ಹದವೂ ನಿಲ್ಲದು. ಮೇಲಾಗಿ ಅವನ ಕೈಗವಸು ಬೆವರಿನಿಂದ ತೊಯ್ದಿತ್ತು. ಒಣ ತೊಗಲಿಗಿಂತ ತೊಯ್ದ ತೊಗಲು ಕಡಿಮೆ ಶಾಖಕ್ಕೇ ಕುಗ್ಗುತ್ತದೆ. ಅಷ್ಟೇ ಅಲ್ಲ, ತೊಗಲಿನ ನಾರುಗಳ ಸಂದಿನಲ್ಲಿ ಸಾಮಾನ್ಯವಾಗಿ ಗಾಳಿಯಿರುತ್ತದೆ. ಕೈಯನ್ನು ಬಿಸಿಯಿಂದ ಕಾಯುವುದು ಮುಖ್ಯವಾಗಿ ಆ ಗಾಳಿ. ಅಲ್ಲಿ ನೀರು ತುಂಬಿದರೆ, ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಅದು ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ನೆಂದ ಕೈಗವಸು ತಂಪೆಂದು ತೊಡುವವರು ಕೆಲವರಿದ್ದಾರೆ. ಇದಕ್ಕಿಂತ ಅಪಾಯದ ತಿಳಿವಳಿಕೆ ಇನ್ನೊಂದಿಲ್ಲ. ಬಿಸಿಲೋಹ ತಾಗಿದೊಡನೆ ಆ ನೀರೇ ಕೈಯನ್ನು ಬೇಯಿಸುತ್ತದೆ.

ಇನ್ನು ಗಡುಸಾದ ಸಂಗತಿ. ಹದಗೊಂಡ ತೊಗಲಿಗೆ ಕಡೆಯಲ್ಲಿ ನೀರಿನೊಡನೆ ಕದಡಿದ ಎಣ್ಣೆಯನ್ನು ಕುಡಿಸುತ್ತಾರೆ. ಈ ಎಣ್ಣೆಯು ನಾರುನಾರಿನ ನಡುವೆ ಸೇರಿ, ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ತೊಗಲಿನ ಮೆದುತನವೆಲ್ಲ ಈ ಜಾರಿನಿಂದಲೇ. ನೆಂದ ಕೈಗವಸನ್ನು ಒಲೆಯ ಬಳಿ ಬೇಗಬೇಗ ಒಣಗಿಸಿದಾಗ ನೀರು ಆರುತ್ತಾ ನಾರುಗಳನ್ನು ಒಂದಕ್ಕೊಂದು ಎಳೆದು ಅಂಟಿಸಿಬಿಡುತ್ತದೆ. ಎಣ್ಣೆ ಅಲ್ಲಲ್ಲಿ ಸರಿದು ಹೋಗುತ್ತದೆ. ಬಳಿಕ ಎಷ್ಟು ತಿಕ್ಕಿದರೂ ಮೊದಲಿನ ಹದ ಬಾರದು.

ಯಾವ ಕೆಲಸಕ್ಕೆ ಯಾವ ತೊಗಲು

ದಪ್ಪ ಚರ್ಮವನ್ನು ಯಂತ್ರದ ಅಲಗಿನಿಂದ ದೋಸೆ ಸೀಳಿದಂತೆ ಎರಡು ಮೂರು ಪದರಗಳಾಗಿ ಸೀಳುತ್ತಾರೆ. ಕೂದಲಿದ್ದ ಕಡೆಯ ಮೇಲ್ಪದರದ ನಾರು ಬಹು ಸಣ್ಣದು, ಒತ್ತಾದುದು, ಮುಖ ನುಣುಪಾಗಿರುತ್ತದೆ. ಅಂಗಡಿಯವರು ಗ್ರೇನ್ ಎನ್ನುವುದು ಇದನ್ನೇ. ಕೆಳಗಿನ ಪದರಕ್ಕೆ ಸ್ಪ್ಲಿಟ್ ಎಂದು ಹೆಸರು; ಇದರ ಎರಡು ಮುಖವೂ ಜುಂಗು ಜುಂಗಾಗಿರುತ್ತದೆ. ಮೇಲ್ಪದರ ಶ್ರೇಷ್ಠ, ಕೆಳಪದರ ಕನಿಷ್ಠ ಎಂದು ಬೆಲೆಯನ್ನು ನೋಡಿ ಹೇಳುವುದು ವಾಡಿಕೆ. ನಮಗೆ ಇದು ಒಪ್ಪಿಗೆಯಿಲ್ಲ. ಬೆಸುಗೆಯ ಕೆಲಸಕ್ಕೆ ಸುಮಾರು ಒಂದೂಕಾಲು ಮಿಲಿಮೀಟರು ದಪ್ಪದ ದನದ ಸ್ಪ್ಲಿಟ್ ತೊಗಲೇ ಯೋಗ್ಯವಾದುದು. ಅದರ ಜುಂಗು ಮೊದಲು ಕರಿಕಾಗಿ ಕಿಡಿಯ ಬಿಸಿಯನ್ನು ತಾನುಣ್ಣುತ್ತದೆ, ಬೆಲೆಯೂ ಸುಲಭ. ಹೊರೆ ಎತ್ತುವ, ಮರ ಸಾಗಿಸುವ, ಮುಳ್ಳುತಂತಿ ಎಳೆಯುವ ಕೆಲಸಕ್ಕೆ ಮೇಲ್ಪದರ ಒಳ್ಳೆಯದು. ಅದು ನೀರನ್ನು ಬೇಗ ಹೀರದು, ಕೈಯ ಆಕಾರಕ್ಕೆ ಒಗ್ಗುತ್ತದೆ.

ಸ್ಟೀಲು, ಅಲ್ಯುಮಿನಿಯಂ ತಗಡುಗಳಿಗೆ ಹಾಕುವ ಸೂಕ್ಷ್ಮ ಬೆಸುಗೆ ಒಂದುಂಟು. ಕೆಲಸಗಾರರು ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಇಲ್ಲಿ ಕಿಡಿ ಕಡಿಮೆ. ಆದರೆ ಎರಡು ಬೆರಳ ನಡುವೆ ಸಣ್ಣ ತಂತಿಯನ್ನು ಹಿಡಿದು ನೂಕುತ್ತಿರಬೇಕು. ದಪ್ಪ ಕೈಗವಸು ತೊಟ್ಟರೆ ತಂತಿ ಇದೆಯೋ ಇಲ್ಲವೋ ಎಂಬುದೇ ತಿಳಿಯದು. ಆದುದರಿಂದ ಒಂದು ಮಿಲಿಮೀಟರಿಗೂ ತೆಳುವಾದ ಆಡಿನ ತೊಗಲನ್ನು ಇಲ್ಲಿ ಬಳಸುತ್ತಾರೆ. ಆಡಿನ ಚರ್ಮದ ನಾರು ಸಣ್ಣದಾಗಿ ಒತ್ತಾಗಿರುವುದರಿಂದ ತೆಳುವಾದರೂ ಗಟ್ಟಿ. ಕುರಿಯದು ಇನ್ನೂ ಮೆತ್ತಗೆ, ಆದರೆ ಸಡಿಲ, ಬೇಗ ಹರಿಯುತ್ತದೆ. ಎಮ್ಮೆ ಕೋಣಗಳ ತೊಗಲು ಒರಟು, ದಪ್ಪ. ಕಲ್ಲು ಇಟ್ಟಿಗೆ ಹೊರುವವರಿಗೆ ಅದರ ಒರಟುತನವೇ ಗುಣ. ಹಂದಿಯ ಚರ್ಮದಲ್ಲಿ ಕೂದಲ ರಂಧ್ರಗಳು ಆಳದವರೆಗೂ ತೂರಿಹೋಗಿರುತ್ತವೆ. ಮೂರು ಮೂರು ಚುಕ್ಕೆಗಳ ಗುಂಪಾಗಿ ಕಾಣುವ ಈ ರಂಧ್ರಗಳಿಂದಲೇ ಅದನ್ನು ಗುರುತಿಸಬಹುದು. ಬೆವರು ಅಲ್ಲಿಂದ ಹೊರಬೀಳುವುದರಿಂದ ಕೈ ಉಸಿರಾಡುತ್ತದೆ. ಹಲವು ಸಲ ತೊಯ್ದು ಒಣಗಿದರೂ ಬೇಗ ಗಡುಸಾಗದು.

ತೊಗಲಿನ ಜಾತಿಯನ್ನು ನೋಡಿದವರು ಹೊಲಿಗೆಯನ್ನು ನೋಡುವುದಿಲ್ಲ. ಕೈಗವಸು ಮೊದಲು ಬಿಡುವುದು ಹೊಲಿಗೆಯಲ್ಲಿ. ನೈಲಾನು ಪಾಲಿಯೆಸ್ಟರುಗಳ ದಾರ ಸುಮಾರು ೨೬೦ ಡಿಗ್ರಿಯಲ್ಲಿ ಕರಗುತ್ತದೆ. ಹತ್ತಿಯ ದಾರ ಕರಗದಿದ್ದರೂ ಸುಟ್ಟು ಕರಿಕಾಗುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಸ್ಟೆಫನಿ ಕ್ವಾಲೆಕ್ ಎಂಬಾಕೆ ೧೯೬೫ರಲ್ಲಿ ಕಂಡುಹಿಡಿದ ಕೆವ್ಲಾರ್ ನೂಲು ಕರಗುವುದೇ ಇಲ್ಲ. ೪೦೦ ಡಿಗ್ರಿ ದಾಟಿದ ಮೇಲಷ್ಟೆ ಕೆಡತೊಡಗುತ್ತದೆ. ಬೆಸುಗೆಯ ಕೈಗವಸಿಗೆ ಈ ನೂಲಿನ ಹೊಲಿಗೆಯನ್ನೇ ಕೇಳಿ ಕೊಳ್ಳಬೇಕು. ಬೆರಳ ಸಂದುಗಳಲ್ಲಿ ಹೊಲಿಗೆಯ ಮೇಲೆ ಸಣ್ಣ ತೊಗಲ ಪಟ್ಟಿಯನ್ನು ಸೇರಿಸಿದ್ದರೆ ಇನ್ನೂ ಮೇಲು.

ಅಳತೆಯ ವಿಷಯ ಸರಳವಾದುದು. ಬಲಗೈಯ ಅಂಗೈಯನ್ನು, ಹೆಬ್ಬೆರಳನ್ನು ಬಿಟ್ಟು, ಗೆಣ್ಣುಗಳ ಬಳಿ ಟೇಪಿನಿಂದ ಸುತ್ತಿ ಅಳೆಯಬೇಕು. ಎಷ್ಟು ಅಂಗುಲ ಬರುವುದೋ ಅದೇ ಕೈಗವಸಿನ ಸಂಖ್ಯೆ. ೮ ಅಂಗುಲವಾದರೆ ೮ನೆಯ ಅಳತೆ, ೯ ಆದರೆ ೯ನೆಯದು. ಕಾರ್ಖಾನೆಗಳು ಒಂದೇ ಅಳತೆಯ ಡಜನುಗಟ್ಟಲೆ ಜೊತೆಗಳನ್ನು ತರಿಸಿ ಎಲ್ಲರಿಗೂ ಹಂಚುವುದುಂಟು. ಸಣ್ಣ ಕೈಯ ಹೆಂಗಸರು ಬೆರಳ ತುದಿಯಲ್ಲಿ ಅರ್ಧ ಅಂಗುಲ ಜೋಲುವ ಕೈಗವಸು ತೊಟ್ಟು ದುಡಿಯುವುದನ್ನು ನಾವು ಕಂಡಿದ್ದೇವೆ. ಆ ಜೋಲುವ ತುದಿಯೇ ಎಲ್ಲಿಯಾದರೂ ಸಿಕ್ಕಿಕೊಳ್ಳುವುದು.

ಹೊರದೇಶಗಳಿಗೆ ಹೋಗುವ ಕೈಗವಸುಗಳ ಮೇಲೆ ಸುತ್ತಿಗೆಯ ಚಿತ್ರವೂ ಅದರ ಕೆಳಗೆ ನಾಲ್ಕು ಅಂಕಿಗಳೂ ಇರುತ್ತವೆ. ಇದು ಯೂರೋಪಿನ ಇಎನ್ ೩೮೮ ಎಂಬ ಮಾನಕದ ಗುರುತು. ಅಂಕಿಗಳು ಅನುಕ್ರಮವಾಗಿ ಉಜ್ಜಾಟ, ಅಲಗಿನ ಕೊಯ್ತ, ಹರಿತ, ಚುಚ್ಚುವಿಕೆ ಇವುಗಳಿಗೆ ಕೈಗವಸು ಎಷ್ಟು ತಡೆಯೊಡ್ಡುತ್ತದೆ ಎಂಬುದನ್ನು ತಿಳಿಸುತ್ತವೆ. ಉಜ್ಜಾಟದಲ್ಲಿ ೧ ಪಡೆಯಲು ಉಜ್ಜುಕಾಗದದ ೧೦೦ ಸುತ್ತು ತಡೆದರೆ ಸಾಕು. ೪ ಪಡೆಯಲು ೮೦೦೦ ಸುತ್ತು ತಡೆಯಬೇಕು. (೨೦೧೬ರ ಬಳಿಕ ಕೊಯ್ತಕ್ಕೆ ಒಂದು ಅಕ್ಷರವೂ ಸೇರಿದೆ.) ನಮ್ಮ ದೇಶದಲ್ಲಿಯೂ ತೊಗಲು ಹತ್ತಿಗಳ ಕೈಗವಸಿಗಾಗಿ ಐಎಸ್ ೬೯೯೪ ಎಂಬ ಮಾನಕ ೧೯೭೩ರಲ್ಲಿಯೇ ಹೊರಟಿತು. ತೊಗಲ ಕೈಗವಸಿನ ಅಂಕಿಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಉಜ್ಜಾಟದಲ್ಲಿ ಮೂರೋ ನಾಲ್ಕೋ ಪಡೆದದ್ದು ಕೊಯ್ತದಲ್ಲಿ ಒಂದು ಎರಡಕ್ಕೇ ನಿಂತಿರುತ್ತದೆ. ತೊಗಲು ಒರಸಾಟಕ್ಕೆ ಗಟ್ಟಿ, ಅಲಗಿಗೆ ಗಟ್ಟಿಯಲ್ಲ! ಗಾಜು, ಹೊಸ ತಗಡುಗಳನ್ನು ಹಿಡಿಯುವವರು ಇದನ್ನು ಮರೆಯತಕ್ಕುದಲ್ಲ. ಅವರಿಗೆ ಒಳಗೆ ಕೆವ್ಲಾರಿನಂತಹ ನೂಲಿನ ಅಸ್ತರು ಇರುವ ತೊಗಲೇ ಬೇಕು.

ಕೈಗವಸು ಕೈಕೊಡುವ ಕಡೆಗಳು

ಈಗ ಮೇಸ್ತ್ರಿಗಳ ಬೆರಳಿನ ಕಥೆ. ಅವರು ಹರೆಯದಲ್ಲಿ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತಿದ್ದರು. ತೂತಿನ ಬಾಯಿಯಲ್ಲಿ ಸುರುಳಿಸುರುಳಿಯಾಗಿ ಬರುತ್ತಿದ್ದ ಲೋಹದ ಚೂರನ್ನು ಸರಿಸಲು ಕೈಚಾಚಿದರು. ಚೂರು ಕೊಯ್ದೀತೆಂಬ ಭಯದಿಂದ ಒಳ್ಳೆಯ ತೊಗಲ ಕೈಗವಸನ್ನೇ ತೊಟ್ಟಿದ್ದರು. ತಿರುಗುವ ಮೊನೆ ಕೈಗವಸಿನ ತುದಿಯನ್ನು ಹಿಡಿಯಿತು. “ಬರಿಗೈ ಆಗಿದ್ದಿದ್ರೆ ಚರ್ಮ ತರಚಿ ಬಿಟ್ಟುಬಿಡೋದು ಸಾರ್. ಗ್ಲೌಸು ಹರೀಲಿಲ್ಲ, ಬೆರಳು ಹೋಯ್ತು” ಎಂದರು.

ಇದರಲ್ಲಿ ಅತಿಶಯವೇನೂ ಇಲ್ಲ. ನಿಮಿಷಕ್ಕೆ ೧೦೦೦ ಸುತ್ತು ತಿರುಗುವ ಮೊನೆಯೆಂದರೆ ಸೆಕೆಂಡಿಗೆ ಹದಿನಾರಕ್ಕೂ ಹೆಚ್ಚು ಸುತ್ತು. ಬೆದರಿದ ಕೈ ಹಿಂದೆಗೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರೊಳಗೆ ನಾಲ್ಕು ಸುತ್ತು ಕೈಗವಸು ಸುತ್ತಿಕೊಂಡಿರುತ್ತದೆ. ಹರಿಯದಿರುವುದೇ ತೊಗಲಿನ ಗುಣವೆಂದು ಆಗಲೇ ಹೇಳಿದೆವಷ್ಟೆ. ಆ ಗುಣವೇ ಇಲ್ಲಿ ಯಮನಾಗುತ್ತದೆ. ಡ್ರಿಲ್ಲು, ಲೇತು, ಪೀಠಕ್ಕೆ ಬಿಗಿದ ಸಾಣೆಯಂತ್ರ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಇವುಗಳ ತಿರುಗುವ ಭಾಗದ ಬಳಿ ಕೈಗವಸು ಸರ್ವಥಾ ಕೂಡದು. ಚೂರನ್ನು ಸರಿಸಲು ಬ್ರಷ್ಷು ಇದೆ, ಕೊಕ್ಕೆ ಇದೆ.

ವಿದ್ಯುತ್ತಿನ ಮಾತೂ ಹೀಗೆಯೇ. ಒಣತೊಗಲು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದೆಂಬುದು ನಿಜವಾದರೂ, ಉಪ್ಪುಬೆವರಿನಿಂದ ತೊಯ್ದ ತೊಗಲನ್ನು ನಂಬಿ ತಂತಿ ಮುಟ್ಟುವವನು ಪ್ರಾಣವನ್ನೇ ಒತ್ತೆಯಿಟ್ಟಂತೆ. ಕಂಬವೇರುವ ಕೆಲಸಗಾರರು ತೊಡುವ ತೊಗಲ ಕೈಗವಸಿನ ಒಳಗೆ, ಪರೀಕ್ಷೆಗೊಳಗಾದ ರಬ್ಬರಿನ ಇನ್ನೊಂದು ಕೈಗವಸು ಇರಬೇಕು. ವಿದ್ಯುತ್ತನ್ನು ತಡೆಯುವುದು ರಬ್ಬರು. ಆ ರಬ್ಬರಿಗೆ ಗೀರು ಬೀಳದಂತೆ ಕಾಯುವುದಷ್ಟೇ ತೊಗಲಿನ ಕೆಲಸ.

ಗಾರೆ ಕೆಲಸದವರು ಹಸಿ ಸಿಮೆಂಟನ್ನು ತೊಗಲ ಕೈಗವಸಿನಲ್ಲಿ ಮುಟ್ಟುವುದುಂಟು. ಸಿಮೆಂಟಿನ ನೀರು ಕಟು ಕ್ಷಾರ. ತೊಗಲು ಅದನ್ನು ಹೀರಿ ಗಂಟೆಗಟ್ಟಲೆ ಕೈಗೆ ಒತ್ತಿ ಹಿಡಿದು, ತಾನೂ ಕೆಟ್ಟು ಕೈಯನ್ನೂ ಸುಡುತ್ತದೆ. ಇಲ್ಲಿಗೆ ರಬ್ಬರೇ ಸರಿ. ಆಮ್ಲಗಳಿಗೂ ಕೀಟನಾಶಕಗಳಿಗೂ ಅನ್ವಯಿಸುವುದು ಇದೇ ಮಾತು. ಅದರಲ್ಲಿಯೂ ತೊಗಲು ಕುಡಿದ ಕೀಟನಾಶಕವನ್ನು ತೊಳೆದು ತೆಗೆಯಲಾಗದು.

ಇನ್ನೊಂದು ಅಪಾಯ ತೊಗಲಿನ ಒಳಗಿನಿಂದಲೇ ಬರುವಂತಹುದು. ಹದಕ್ಕೆ ಬಳಸುವ ಮೂರು ವೇಲೆನ್ಸಿಯ ಕ್ರೋಮಿಯಂ ಹೆಚ್ಚು ಕೇಡಿನದಲ್ಲ. ಆದರೆ ಹದ ಸರಿಯಾಗದಿದ್ದರೆ, ಕುಡಿಸಿದ ಎಣ್ಣೆ ಕೆಲವು ಬಗೆಯದಾಗಿದ್ದರೆ, ಒಣ ಶಾಖದಲ್ಲಿ ಬಹುದಿನ ಬಿದ್ದಿದ್ದರೆ, ಅದರಲ್ಲಿ ಅತ್ಯಲ್ಪ ಭಾಗವು ಆರು ವೇಲೆನ್ಸಿಯ ರೂಪಕ್ಕೆ ತಿರುಗುತ್ತದೆ. ಅದು ಬೆವರಿನಲ್ಲಿ ಕರಗಿ ಚರ್ಮವನ್ನು ಸೇರಿದರೆ ಕೆಲವರಿಗೆ ಇಸಬು ಏಳುತ್ತದೆ. ಒಮ್ಮೆ ಎದ್ದರೆ ಆ ಮನುಷ್ಯನ ಮೈ ಕ್ರೋಮಿಯಮ್ಮನ್ನು ಜೀವಮಾನವಿಡೀ ಮರೆಯದಿರಬಹುದು. ಯೂರೋಪಿನ ಒಕ್ಕೂಟವು ೨೦೧೫ರ ಮೇ ತಿಂಗಳಿನಿಂದ, ಮೈಗೆ ತಾಗುವ ತೊಗಲಿನ ಒಂದು ಕಿಲೋಗ್ರಾಮಿನಲ್ಲಿ ಇದು ೩ ಮಿಲಿಗ್ರಾಮಿಗೆ ಮೀರಕೂಡದೆಂದು ಕಟ್ಟುಮಾಡಿತು. ಕಾರ್ಖಾನೆಯ ಕೈಗವಸು ಮಾಡುವುದರಲ್ಲಿ ಭಾರತಕ್ಕೆ ಮುಖ್ಯ ಕೇಂದ್ರವಾದ ಕಲ್ಕತ್ತೆಗೆ ಈ ಕಟ್ಟಳೆ ಹೊಟ್ಟೆಪಾಡಿನ ಪ್ರಶ್ನೆ. ಅಲ್ಲಿನ ಸರಕು ಹೋಗುವುದು ಬಹುವಾಗಿ ಯೂರೋಪಿಗೆ. ಆ ಊರಿನ ಟಾಂಗ್ರಾ ಮುಂತಾದ ಕಡೆಗಳಲ್ಲಿದ್ದ ಹದದ ಕಾರ್ಖಾನೆಗಳನ್ನು, ಅವುಗಳ ಕೊಳೆನೀರಿನ ಕಾರಣದಿಂದ, ಊರಾಚೆಗೆ ಸಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಆಜ್ಞೆ ಮಾಡಿತ್ತು. ಬಳಿಕ ಅವು ಬಾಂಟಾಲಾ ಎಂಬಲ್ಲಿ ನೆಲೆಗೊಂಡವು. ಬಿಡಿ ಕೈಗವಸು ಕೊಳ್ಳುವ ನಮ್ಮವರ ಕೈಯಲ್ಲಿ ಅಳೆಯುವ ಯಂತ್ರವಿಲ್ಲ. ತೊಟ್ಟ ಕೆಲವು ದಿನಗಳಲ್ಲಿ ಮಣಿಕಟ್ಟು, ಬೆರಳಸಂದುಗಳಲ್ಲಿ ತುರಿಕೆ ಎದ್ದರೆ ಆ ಜೊತೆಯನ್ನು ಬಿಟ್ಟು ವೈದ್ಯರನ್ನು ಕಾಣತಕ್ಕದ್ದು.

ಕಲ್ನಾರಿನ ಕೈಗವಸು ಎಲ್ಲಿಯಾದರೂ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ತೊಡಬೇಡಿ, ಕೊಡವಲೂಬೇಡಿ. ಹಿಂದೆ ಎರಕದ ಮನೆಗಳಲ್ಲಿ ಅದು ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶವನ್ನು ಹೊಕ್ಕು ಎಷ್ಟೋ ವರ್ಷಗಳ ಮೇಲೆ ಏಡಿಗಂತಿಯನ್ನು ಎಬ್ಬಿಸುತ್ತದೆಂಬುದು ಈಗ ನಿಸ್ಸಂದೇಹ.

ಆರೈಕೆ

ಮೇಸ್ತ್ರಿಗಳ ಆರೈಕೆ ಏನು ಮಹಾ ಎಂದು ಕೇಳಿದೆವು. ಸಂಜೆ ಕೈಗವಸನ್ನು ಒಂದಕ್ಕೊಂದು ತಟ್ಟಿ, ಹಳೆಯ ಬ್ರಷ್ಷಿನಿಂದ ಕಿಟ್ಟದ ಪುಡಿಯನ್ನು ಕೊಡವಿ, ಬೆರಳು ಕೆಳಗೆ ಬಾಯಿ ಮೇಲೆ ಮಾಡದೆ, ಬಾಯಿ ಕೆಳಗೆ ಬೆರಳು ಮೇಲೆ ಇರುವಂತೆ ಗೋಡೆಯ ಎರಡು ಗೂಟಗಳಿಗೆ ಸಿಕ್ಕಿಸುವುದು, ಅಷ್ಟೆ. ಬೆವರಿನ ಆವಿ ಬೆರಳೊಳಗೆ ನಿಲ್ಲದೆ ರಾತ್ರಿಯೆಲ್ಲ ನೆರಳಿನ ಗಾಳಿಯಲ್ಲಿ ಆರುತ್ತದೆ. ಅವರಲ್ಲಿ ಎರಡು ಜೊತೆಯಿದ್ದು, ದಿನ ಬಿಟ್ಟು ದಿನ ಬದಲಿಸುತ್ತಾರೆ. ಹೀಗೆ ಸರದಿಯಲ್ಲಿ ಬಳಸಿದ ಎರಡು ಜೊತೆ, ಒಂದಾದ ಮೇಲೊಂದರಂತೆ ಬಳಸಿದ ಎರಡಕ್ಕಿಂತ ಹೆಚ್ಚು ಕಾಲ ಬಾಳುವುದರಲ್ಲಿ ಆಶ್ಚರ್ಯವಿಲ್ಲ. ತೊಗಲಿಗೆ ಪೂರ್ತಿ ಆರುವ ಅವಕಾಶ ಸಿಗುತ್ತದೆ.

ಪೂರ್ತಿ ನೆಂದರೆ ಹಿಂಡಬಾರದು. ಬೆರಳುಗಳಲ್ಲಿ ಹಳೆಯ ವೃತ್ತಪತ್ರಿಕೆ ತುರುಕಿ, ಒಂದೆರಡು ಸಲ ಕಾಗದ ಬದಲಿಸಿ, ನೆರಳಿನಲ್ಲಿಡಬೇಕು. ಅರ್ಧ ಆರಿದಾಗ ಕೈಗೆ ತೊಟ್ಟು ಬೆರಳನ್ನು ಹತ್ತಾರು ಸಲ ಮಡಿಸಿ ಬಿಡಿಸಿದರೆ ನಾರುಗಳು ಅಂಟಿಕೊಳ್ಳುವುದಿಲ್ಲ. ಕೊಳೆ ಹೆಚ್ಚಾದರೆ ಕ್ರೋಮ್ ಹದದ ಮೇಲ್ಪದರದ ಕೈಗವಸನ್ನು ತಣ್ಣೀರು, ಮೆದು ಸಾಬೂನಿನಿಂದ ತೊಳೆಯಲಡ್ಡಿಯಿಲ್ಲ. ಬಟ್ಟೆಯ ಸೋಡಾ ಮಾತ್ರ ಬೇಡ. ಕ್ಷಾರವು ಹದವನ್ನೇ ಬಿಡಿಸುತ್ತದೆ.

ಎಣ್ಣೆಯ ವಿಷಯದಲ್ಲಿ ವಿವೇಚನೆ ಬೇಕು. ಮೆಟ್ಟಿಗೆ ಹರಳೆಣ್ಣೆ ಸವರುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ, ಅದು ಒಳ್ಳೆಯದೂ ಹೌದು; ಆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವುದಿಲ್ಲ. ತೋಟದ ಕೆಲಸದ, ಹೊರೆ ಎತ್ತುವ ಕೈಗವಸಿಗೆ ಎರಡು ಮೂರು ತಿಂಗಳಿಗೊಮ್ಮೆ ನಾಲ್ಕು ತೊಟ್ಟು ಹರಳೆಣ್ಣೆಯನ್ನು ಬಟ್ಟೆಯಲ್ಲಿ ತೆಗೆದುಕೊಂಡು ತೆಳ್ಳಗೆ ಉಜ್ಜಬಹುದು. ಬೆಸುಗೆಯ ಕೈಗವಸಿಗೆ ಮಾತ್ರ ಯಾವ ಎಣ್ಣೆಯೂ ಕೂಡದು. ಕಿಡಿ ಬಿದ್ದರೆ ಬತ್ತಿಯಂತೆ ಹೊತ್ತಿಕೊಳ್ಳುತ್ತದೆ. ಗ್ರೀಸು ಮೆತ್ತಿದ ಕೈಗವಸಿನಿಂದ ಆಮ್ಲಜನಕದ ಸಿಲಿಂಡರಿನ ತಿರುಪನ್ನು ಮುಟ್ಟುವುದಂತೂ ಸಿಡಿಮದ್ದಿನೊಡನೆ ಆಟವಾಡಿದಂತೆ. ಒತ್ತಡದ ಶುದ್ಧ ಆಮ್ಲಜನಕದಲ್ಲಿ ಎಣ್ಣೆ ಗ್ರೀಸುಗಳು ಕಿಡಿಯ ಹಂಗಿಲ್ಲದೆಯೂ ಭಗ್ಗೆಂದು ಉರಿಯಬಲ್ಲವು.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ನಾಲ್ಕು ತಿಂಗಳು ತೊಗಲಿಗೆ ಬೂಷ್ಟು ಹಿಡಿಯದೆ ಬಿಡದು. ಇದು ಹೊರಗೆ ಹೋಗಿ ಒರಸಬೇಕಾದ ಕೆಲಸ. ಒಳಗೆ ಕೊಡವಿದರೆ ಬೂಷ್ಟಿನ ಬೀಜ ಮನೆಯೆಲ್ಲ ಹರಡುತ್ತದೆ. ಒಣಬಟ್ಟೆಯಲ್ಲಿ ಒರಸಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕೈಗವಸಿಗೇ ಬೂಷ್ಟು ಮೊದಲು ಬರುವುದು.

ಎಷ್ಟು ಆರೈಕೆ ಮಾಡಿದರೂ ಕೈಗವಸಿಗೆ ಕೊನೆಗಾಲವುಂಟು. ಅಂಗೈಯ ತೊಗಲು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟಾದರೂ ತೂತು ಕಂಡರೆ, ಬೆರಳ ಸಂದಿನ ಹೊಲಿಗೆ ಬಿಟ್ಟರೆ, ಮಡಿಸಿದಲ್ಲಿ ತೊಗಲು ಬಿರಿದರೆ, ಬೆಸುಗೆಗೂ ಬಿಸಿಯ ಕೆಲಸಕ್ಕೂ ಅದು ಮುಗಿಯಿತು. ಸತ್ತ ಕೈಗವಸು ಬರಿಗೈಗಿಂತ ಕೆಟ್ಟದ್ದು. ಬರಿಗೈಯವನು ಬಿಸಿಗೆ ಹೆದರಿ ದೂರವಿರುತ್ತಾನೆ. ತೂತುಬಿದ್ದ ಕೈಗವಸಿನವನು ಧೈರ್ಯದಿಂದ ಮುಟ್ಟುತ್ತಾನೆ. ಕರಗಿದ ಲೋಹದ ಒಂದು ಹನಿ ಒಳಗೆ ಬಿದ್ದರೆ ಕೈಗವಸನ್ನು ಕಳಚುವಷ್ಟರಲ್ಲಿ ಮೂಳೆಯವರೆಗೆ ಸುಟ್ಟಿರುತ್ತದೆ. ಬೆಸುಗೆಯವರು ತೋಳಿನವರೆಗೆ ಬರುವ, ಒಂದೇ ಎಳೆತಕ್ಕೆ ಕಳಚುವ ಸಡಿಲ ಬಾಯಿಯ ಕೈಗವಸನ್ನು ಬಯಸುವುದು ಇದೇ ಕಾರಣಕ್ಕೆ.

ಹೀಗೆ ಮುಗಿದ ಕೈಗವಸನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಇದು ಕೂಡದು. ಕ್ರೋಮ್ ಹದದ ತೊಗಲು ಉರಿದರೆ ಮೇಲೆ ಹೇಳಿದ ಆರು ವೇಲೆನ್ಸಿಯ ಕ್ರೋಮಿಯಂ ಬೂದಿಯಲ್ಲಿ ಉಂಟಾಗುತ್ತದೆ. ಆ ಬೂದಿಯನ್ನು ಪಾತ್ರೆ ತಿಕ್ಕಲಾಗಲಿ, ತೆಂಗಿನ ಬುಡಕ್ಕಾಗಲಿ ಬಳಸಿದರೆ ವಿಷವನ್ನು ಮನೆಗೆ ತಂದಂತೆ. ಪೀಣ್ಯದ ಮೇಸ್ತ್ರಿಗಳು ಹಳೆಯ ಜೊತೆಗಳ ತೋಳಿನ ಭಾಗವನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಉಳಿ, ಕೊರೆಯುವ ಮೊನೆಗಳನ್ನು ಸುತ್ತಿಡಲು ಅದು ಬರುತ್ತದೆಯಂತೆ. ಹುಡುಗನ ಮುರುಟಿದ ಕೈಗವಸಿನಲ್ಲಿಯೂ ಅಷ್ಟು ಭಾಗ ಚೆನ್ನಾಗಿಯೇ ಇತ್ತು.